ಬಸುರಿನ ಸುದ್ದಿ, ವಾರದ ಲೆಕ್ಕ: ಸ್ತ್ರೀರೋಗ ತಜ್ಞರಿಗೆ ಕೇಳಿದ್ದು

ಪ್ರಶ್ನೆ (ಕಲಬುರಗಿ): ಮೇಡಂ, ಮೇ 10ಕ್ಕ ಮದುವಿ ಆಗೇದ. ಜೂನ್ 19ಕ್ಕ ಸ್ಕ್ಯಾನ್ ಮಾಡಿಸಿದ್ರ ರಿಪೋರ್ಟ್‌ನ್ಯಾಗ 7 ವಾರ ಅಂತ ಬರದಾರ. ಮದುವಿ ಆಗಿ 6 ವಾರ ಸೈತ ಆಗಿಲ್ಲ. ಅತ್ತಿ-ಮಾವಗ ಹೆಂಗ ಹೇಳಬೇಕ್ರಿ? ಮುಟ್ಟು ಮೇ 1ಕ್ಕ ಬಂದಿತ್ತು.

ಉತ್ತರ: ರಿಪೋರ್ಟ್ ಸರಿಯಾಗೇ ಇದೆ ತಾಯಿ, ಗಾಬರಿ ಬೇಡ. ಗರ್ಭದ ವಾರಗಳನ್ನು ನಾವು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮೇ 1ರಿಂದ ಜೂನ್ 19ಕ್ಕೆ 49 ದಿನ, ಅಂದರೆ 7 ವಾರ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಹೊರಬೀಳುವುದು 14ನೇ ದಿನದ ಸುಮಾರಿಗೆ. ನಿಮ್ಮದು ಮೇ 14ರ ಆಸುಪಾಸು, ಮದುವೆಯಾದ ಮೇಲೆಯೇ. ಲೆಕ್ಕದ ಮೊದಲ 2 ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಭ್ರೂಣದ ನಿಜ ವಯಸ್ಸು 5 ವಾರ.

ಹೊಸ ಮದುವೆಯ ಮನೆಗಳಲ್ಲಿ ಈ 2 ವಾರಕ್ಕೇ ಗುಸುಗುಸು ಏಳುತ್ತದೆ. ಹಾಗಾಗಿ ಕಾಗದ ಆಮೇಲೆ, ಮಾತು ಮೊದಲು. "ಅತ್ತಿ, ಡಾಕ್ಟ್ರು ಮುಟ್ಟಿನ ತಾರೀಖಿನಿಂದ ಎಣಸ್ತಾರ. ಫೆಬ್ರುವರಿ 5ರ ಸುಮಾರಿಗೆ ದಿನ ಕೊಟ್ಟಾರ" ಅನ್ನಿ. ಮಾವನಿಗೆ ಯಜಮಾನರೇ ಹೇಳಲಿ. ರಿಪೋರ್ಟಿನ ಫೋಟೋ ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಲೆಕ್ಕ ಬಿಡಿಸಿ ಹೇಳುವವರಿಲ್ಲದೆ ಅಂಕಿ ಒಂದೇ ಊರೂರು ಸುತ್ತುತ್ತದೆ. ಆಮೇಲೂ ಸಂಶಯವಿದ್ದರೆ ಮುಂದಿನ ಸಲ ಅತ್ತೆಯನ್ನು ಕರೆತನ್ನಿ, ಕ್ಯಾಲೆಂಡರ್ ಮುಂದಿಟ್ಟು ತೋರಿಸೋಣ. ಕುಬಸದ ತಿಂಗಳು ಎಣಿಸುವಾಗಲೂ ಹಿರಿಯರದ್ದಕ್ಕೂ ನಮ್ಮದಕ್ಕೂ ಫರಕು ಬರುತ್ತದೆ. ಅದಕ್ಕೆ ಜಗಳ ಬೇಡ, ಅವರ ಲೆಕ್ಕದಂತೆಯೇ ಮಾಡಲಿ.

ಪ್ರಶ್ನೆ (ಯಾದಗಿರಿ): 3 ತಿಂಗಳ ತುಂಬೂತನಕ ಯಾರಿಗೂ ಹೇಳಬ್ಯಾಡ, ದೃಷ್ಟಿ ಆಗ್ತದ ಅಂತಾರ ನಮ್ಮ ಅತ್ತಿ. ಅವ್ವಗೂ ಹೇಳಬಾರದೇನ್ರಿ?

ಉತ್ತರ: ಓಣಿಯವರಿಗೆ ತಡವಾಗಿ ಹೇಳಿದರೆ ನಡೆಯುತ್ತದೆ. ಅವ್ವನಿಗೆ ಈಗಲೇ ಹೇಳಿ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ 12 ವಾರದಲ್ಲೇ ಆಗುತ್ತವೆ ಎಂಬುದು ನಿಜ, ಆದರೆ ಬಹಳಷ್ಟು ಸಲ ಕಾರಣ ಭ್ರೂಣದ ವರ್ಣತಂತುಗಳ ದೋಷ. ಸುದ್ದಿ ಹೇಳಿದ್ದರಿಂದ ಅಲ್ಲ. ರಾತ್ರಿ ರಕ್ತ ಹೋಗತೊಡಗಿದರೆ, ಹೊಟ್ಟೆಯ ಒಂದೇ ಬದಿ ಜೋರು ನೋವು ಬಂದರೆ, ಅದೇ ತಾಸಿಗೆ ಆಸ್ಪತ್ರೆಗೆ ಬರಲು ಜೊತೆಗೆ ವಿಷಯ ಗೊತ್ತಿರುವವರು ಬೇಕು.

ಹೇಳುವಾಗಲೇ ಅವ್ವನನ್ನು ಕೇಳಬೇಕಾದದ್ದೂ ಇದೆ. ಪೇಡೆ ಹಂಚುವ ಸಂಭ್ರಮದಲ್ಲಿ ಅದೇ ಉಳಿದುಬಿಡುತ್ತದೆ. ಬಸುರಿದ್ದಾಗ ಅವರಿಗೆ ಬಿಪಿ ಏರಿತ್ತೇ? ಈಗ ಶುಗರ್, ಥೈರಾಯ್ಡ್ ಇದೆಯೇ? ಬಳಗದಲ್ಲಿ ಯಾವ ಮಗುವಿಗಾದರೂ ಮೇಲಿಂದ ಮೇಲೆ ರಕ್ತ ಹಾಕಿಸುತ್ತಾರೆಯೇ? ನಿಮ್ಮದು ಸೋದರಮಾವನೊಂದಿಗೋ ಅವರ ಮಗನೊಂದಿಗೋ ಆದ ಮದುವೆಯಾದರೆ ಮೊದಲ ಭೇಟಿಯಲ್ಲೇ ಹೇಳಿ. ಅವ್ವನಿಗೆ ಶುಗರ್ ಇದ್ದರೆ ನಿಮಗೂ ಬರುವ ಸಂಭವ ಹೆಚ್ಚು. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ತಾಸಿಗೆ ನೋಡುವ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಮಾಡಿಸಿ. 140 ಅಥವಾ ಮೇಲೆ ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಸರಿ ಬಂದರೂ 24ರಿಂದ 28 ವಾರದೊಳಗೆ ಮತ್ತೊಮ್ಮೆ.

3 ತಿಂಗಳು ಮುಚ್ಚಿಡುವುದರಿಂದ ನಿಜವಾಗಿ ಕೆಡುವುದು ಬೇರೆ. ತಾಯಿ ಕಾರ್ಡಿನ ನೋಂದಣಿ 12 ವಾರದೊಳಗೆ ಆಗಬೇಕು, ಫೋಲಿಕ್ ಆಮ್ಲದ 400 ಮೈಕ್ರೋಗ್ರಾಂ ಮಾತ್ರೆ ಇಂದಿನಿಂದಲೇ ದಿನಕ್ಕೊಂದು. ಆಶಾ ಒಮ್ಮೆ ಮನೆಗೆ ಬಂದು ಹೋದರೆ ಓಣಿಗೆ ಗೊತ್ತಾಗೇ ಆಗುತ್ತದೆ ಅನ್ನಿ.

ಪ್ರಶ್ನೆ (ಬೀದರ್): ಸುದ್ದಿ ಹೇಳಿದ ಕೂಡ್ಲೆ ಮಾವನೋರು "ಸ್ಕ್ಯಾನ್‌ನ್ಯಾಗ ಏನಂದ್ರು, ಗಂಡೋ ಹೆಣ್ಣೋ" ಅಂತ ಕೇಳ್ಯಾರ.

ಉತ್ತರ: 7-8 ವಾರಕ್ಕೆ ಸ್ಕ್ಯಾನ್‌ನಲ್ಲಿ ಅದು ಕಾಣುವುದೇ ಇಲ್ಲ. ಕಂಡಾಗಲೂ ಹೇಳುವಂತಿಲ್ಲ, 1994ರ ಕಾಯ್ದೆಯಲ್ಲಿ ಪತ್ತೆ ಮಾಡುವುದೂ ಮಾಡಿಸುವುದೂ ಅಪರಾಧ. "ಎದಿ ಬಡಿತ ಚಲೋ ಅದ ಅಂದ್ರು" ಅಂತ ಹೇಳಿ ಮಾತು ಮುಗಿಸಿ.

ಪ್ರಶ್ನೆ (ಕಲಬುರಗಿ): ಮುಟ್ಟು ತಿಂಗಳಾ ತಿಂಗಳಾ ಸರಿಯಾಗಿ ಬರಲಾರದವರು ಯಾವ ತಾರೀಖ ಹೇಳಬೇಕ್ರಿ?

ಉತ್ತರ: ಸ್ಕ್ಯಾನಿನದ್ದೇ. 14 ವಾರದೊಳಗಿನ ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ ಅಳೆದು ಹಾಕಿದ ದಿನ ಹೆಚ್ಚೆಂದರೆ 5ರಿಂದ 7 ದಿನ ಆಚೀಚೆ ಆಗಬಹುದು. 7-8ನೇ ತಿಂಗಳ ಸ್ಕ್ಯಾನ್‌ನಲ್ಲಿ ಬೇರೆ ದಿನ ಬಂದರೆ ಮನೆಯವರಿಗೆ ಹೊಸ ತಾರೀಖು ಹೇಳಲು ಹೋಗಬೇಡಿ. ಅಷ್ಟೊತ್ತಿಗೆ ಮಕ್ಕಳ ಬೆಳವಣಿಗೆ ಒಂದೇ ತೆರನಾಗಿ ಇರುವುದಿಲ್ಲ, ಮೊದಲ ಸ್ಕ್ಯಾನಿನ ದಿನವನ್ನೇ ಹಿಡಿಯಿರಿ.