20 ಲೀಟರ್ ಪೈಲಟ್ ಬ್ಯಾಚ್‌ಗೆ ಗ್ರಾವಿಟಿ ಸ್ಟ್ಯಾಂಡ್: ಎಷ್ಟು ಎತ್ತರ, ಎಷ್ಟು ಭಾರ?

ಪ್ರಶ್ನೆ: ಇಂದಿರಾನಗರದಲ್ಲಿ ಲೈಸೆನ್ಸ್ ಇರುವ, ಬಿಯರನ್ನು ಅಲ್ಲೇ ತಯಾರಿಸಿ ಮಾರುವ ಬ್ರೂಪಬ್ ನಮ್ಮದು. ಹೊಸ ರೆಸಿಪಿಗಳನ್ನು ದೊಡ್ಡ ಟ್ಯಾಂಕಿಗೆ ಹಾಕುವ ಮೊದಲು 20 ಲೀಟರ್‌ನಲ್ಲಿ ಮಾಡಿ ನೋಡಬೇಕು. ಪಂಪಿನ ಗೋಜಿಲ್ಲದೆ ಮೇಲಿಂದ ಕೆಳಕ್ಕೆ ತಾನೇ ಇಳಿದು ಬರುವ ಮೂರು ಅಂತಸ್ತಿನ ಸ್ಟ್ಯಾಂಡ್ ಬೇಕು. ಪೀಣ್ಯದ ವೆಲ್ಡರ್ ಒಬ್ಬರು ಒಂದರ ಮೇಲೊಂದು ನೇರವಾಗಿ ನಿಲ್ಲುವ 7 ಅಡಿಯ ಡ್ರಾಯಿಂಗ್ ಕೊಟ್ಟಿದ್ದಾರೆ. ಮೇಲೆ 50 ಲೀಟರ್ ಬಿಸಿನೀರಿನ ಪಾತ್ರೆ, ನಡುವೆ ಮ್ಯಾಶ್ ಟನ್ (ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಬಿಸಿನೀರಲ್ಲಿ ನೆನೆಸುವ ಪಾತ್ರೆ), ಕೆಳಗೆ ಕುದಿಸುವ ಕೆಟಲ್. ಮಾಡಿಸಬಹುದಾ ಸರ್?

ಉತ್ತರ (ಬ್ರೂವರ್): ಈ ಡ್ರಾಯಿಂಗ್‌ಗೆ ಒಪ್ಪಬೇಡಿ ಮೇಡಂ. 50 ಲೀಟರ್ ಪಾತ್ರೆ ತುಂಬಿದರೆ ತಲೆಗಿಂತ ಎತ್ತರದಲ್ಲಿ ಸುಮಾರು 50 ಕೆಜಿ ಬಿಸಿನೀರು ನಿಂತಿರುತ್ತದೆ. ಅಷ್ಟು ನೀರು ನಿಮಗೆ ಬೇಕಾಗಿಯೂ ಇಲ್ಲ.

ಲೆಕ್ಕ ನೋಡಿ. ಫರ್ಮೆಂಟರ್‌ಗೆ (ಬಿಯರ್ ಹುದುಗುವ ಪಾತ್ರೆ) 20 ಲೀಟರ್, ಕೆಟಲ್ ತಳದ ಗಸಿಗೆ 2, ಒಂದು ಗಂಟೆ ಕುದಿತದಲ್ಲಿ ಆವಿಯಾಗುವುದು ಸುಮಾರು 3. 5 ಕೆಜಿ ಮಾಲ್ಟ್ ಹೀರಿಕೊಳ್ಳುವುದು 5, ಪೈಪಿನಲ್ಲೂ ಟನ್ ತಳದಲ್ಲೂ ಉಳಿಯುವುದು 1. ಒಟ್ಟು 31. ಇಷ್ಟನ್ನೂ ಒಟ್ಟಿಗೆ ಕಾಯಿಸಬೇಕಿಲ್ಲ. ಮೊದಲು ಮ್ಯಾಶ್‌ಗೆ 15 ಲೀಟರ್ ಕಾಯಿಸಿ ಕೆಳಗೆ ಬಿಡಿ. ಮ್ಯಾಶ್ ಒಂದು ಗಂಟೆ ಕೂತಿರುವಾಗ ಅದೇ ಪಾತ್ರೆಗೆ ನಲ್ಲಿ ಪೈಪಿನಿಂದ 16 ಲೀಟರ್ ತಣ್ಣೀರು ಬಿಟ್ಟು, ಸ್ಪಾರ್ಜ್‌ಗೆ (ಮಾಲ್ಟಿನಲ್ಲಿ ಉಳಿದ ಸಿಹಿಯನ್ನು ತೊಳೆದಿಳಿಸಲು) ಕಾಯಿಸಿ. 25 ಲೀಟರ್ ಪಾತ್ರೆ ಧಾರಾಳವಾಯಿತು. ಬಿಸಿನೀರನ್ನು ಯಾರೂ ಎತ್ತಿ ಸುರಿಯುವ ಪ್ರಮೇಯವೇ ಬರುವುದಿಲ್ಲ.

ಮೇಲಿನ ಪಾತ್ರೆಗೆ ಗ್ಯಾಸ್ ಬೇಡ, 2 ಕಿಲೋವ್ಯಾಟ್ ಕಾಯಿಲ್ ಸಾಕು. 16 ಲೀಟರ್ ನೀರು 25 ಡಿಗ್ರಿಯಿಂದ 77ಕ್ಕೆ ಏರಲು ಅರ್ಧ ಗಂಟೆಯ ಮೇಲೆ ಸ್ವಲ್ಪ. 16 ಆಂಪ್ಸ್ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸಾಧನ) ಇಲ್ಲದೆ ಸ್ವಿಚ್ ಹಾಕಲೇಬೇಡಿ. ಕಾಯಿಲ್ ಮುಳುಗಿರದಿದ್ದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮ್ಯಾಶ್ ಟನ್‌ಗೆ 30 ಲೀಟರ್ ಐಸ್ ಬಾಕ್ಸ್ ಇಟ್ಟರೆ ನಡುವೆಯೂ ಬೆಂಕಿ ಬೇಡ. ಬರ್ನರ್ ಕೆಟಲ್‌ಗೆ ಮಾತ್ರ.

ಎತ್ತರವನ್ನು ಕೆಳಗಿನಿಂದ ಅಳೆಯುತ್ತಾ ಹೋಗಿ. ನೆಲದ ಮೇಲೆ 45 ಸೆಂ.ಮೀ. ಫರ್ಮೆಂಟರ್ ಇದ್ದರೆ ಕೆಟಲ್ ತಳ 55ಕ್ಕೆ, ಬಾಯಿ 91ಕ್ಕೆ. ಟನ್ ತಳ 95, ಬಾಯಿ 130. ನೀರಿನ ಪಾತ್ರೆ ತಳ 135, ಬಾಯಿ 165. 7 ಅಡಿ ಎಲ್ಲಿಂದಲೂ ಬರುವುದಿಲ್ಲ. ನೇರ ಗೋಪುರವೂ ಬೇಡ, ಮೆಟ್ಟಿಲಿನ ಹಾಗೆ ಪಕ್ಕಪಕ್ಕಕ್ಕೆ ಸರಿದಿರಲಿ. ಇಲ್ಲದಿದ್ದರೆ ಕೆಟಲಿನ ಹಬೆ ಟನ್ ತಳಕ್ಕೆ ಬಡಿದು ಹನಿಹನಿಯಾಗಿ ಮತ್ತೆ ಕೆಟಲ್‌ಗೇ ಬೀಳುತ್ತದೆ, ಕಹಿಗೆ ಬಳಸುವ ಹಾಪ್ಸ್ ಹೂ ಹಾಕಲು ಕೈಯೂ ಹೋಗುವುದಿಲ್ಲ.

130ರ ಎತ್ತರದಲ್ಲಿ ಮ್ಯಾಶ್ ಕಲಕುವುದು ತೋಳಿಗೆ ಕಷ್ಟ. ಹಾಗಾಗಿ ಒಂದೇ ಒಂದು ಪಂಪಿಗೆ ಒಪ್ಪಿಕೊಳ್ಳಿ ಎನ್ನುವುದು ನನ್ನ ಸಲಹೆ. ಕೆಟಲಿನಿಂದ ಫರ್ಮೆಂಟರ್‌ಗೆ ಪಂಪ್ ಇದ್ದರೆ ಎಲ್ಲವೂ 25 ಸೆಂ.ಮೀ. ಕೆಳಗಿಳಿಯುತ್ತದೆ. ಕುದಿಯುವ ವರ್ಟ್ (ಮಾಲ್ಟಿನ ಸಿಹಿ ರಸ) ತಡೆಯುವ ಫುಡ್ ಗ್ರೇಡ್ ಮ್ಯಾಗ್ನೆಟಿಕ್ ಪಂಪ್ ಇರಲಿ, ಕೆಟಲ್ ನಲ್ಲಿಗಿಂತ ಕೆಳಗೇ ಕೂರಲಿ. ಅದು ತಾನಾಗಿ ಎಳೆದುಕೊಳ್ಳುವುದಿಲ್ಲ. ಕುದಿತದ ಕೊನೆಯ 10 ನಿಮಿಷ ವರ್ಟನ್ನು ಅದರಲ್ಲೇ ಸುತ್ತಿಸಿದರೆ ಒಳಗೂ ಶುದ್ಧ.

ಓದುವ ಉಳಿದವರಿಗೆ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಮನೆಯ ತಾರಸಿಯಲ್ಲಿ ಇದನ್ನು ನಿಲ್ಲಿಸಬೇಡಿ.

ಉತ್ತರ (ಫ್ಯಾಬ್ರಿಕೇಟರ್): 40×40 ಮಿ.ಮೀ., 2 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪ್ ಸಾಕು. ಹಿಂಬದಿಗೂ ಎರಡು ಪಕ್ಕಕ್ಕೂ ಅಡ್ಡ ಓರೆಪಟ್ಟಿ ಹಾಕಿಸಿ. ಅದಿಲ್ಲದಿದ್ದರೆ ಮ್ಯಾಶ್ ಕಲಕುವಾಗ ಸ್ಟ್ಯಾಂಡ್ ತೂಗಾಡುತ್ತದೆ. ಜಿ.ಐ. (ಸತು ಲೇಪಿಸಿದ) ಪೈಪ್ ಬೇಡ. ಬೆಸುಗೆಯ ಶಾಖಕ್ಕೆ ಸತುವಿನ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ. ಬರ್ನರ್ ಸುತ್ತ ಶಾಖ ತಡೆಯುವ ಅಲ್ಯುಮಿನಿಯಂ ಪೇಂಟ್ ಹೊಡೆಸಿ. ಚಕ್ರ ಬೇಡ, ತಿರುಗಿಸಿ ಎತ್ತರ ಸರಿಮಾಡುವ ಪಾದಗಳಿರಲಿ. ನೀರು ಹರಿಯಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಸಿಲಿಂಡರ್ ಸ್ಟ್ಯಾಂಡ್ ಅಡಿಯಲ್ಲಿ ಇಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಬೇಸ್‌ಮೆಂಟಂತೂ ಬೇಡವೇ ಬೇಡ.

ಅರ್ಧ ಇಂಚಿನ ಫುಲ್ ಬೋರ್ ಬಾಲ್ ವಾಲ್ವ್ ತೆಗೆದುಕೊಳ್ಳುವಾಗ ಮರೆ (ತಿರುಪಿನ ಥ್ರೆಡ್) ನೋಡಿ. ಇಲ್ಲಿ ಸಿಗುವುದು ಬಿಎಸ್‌ಪಿ (ಬ್ರಿಟಿಷ್ ಅಳತೆಯ ಥ್ರೆಡ್), ಅಮೆರಿಕದಿಂದ ತರಿಸಿದ ಬ್ರೂಯಿಂಗ್ ಸಾಮಾನು ಎನ್‌ಪಿಟಿ (ಅಮೆರಿಕದ ಅಳತೆ). ಎರಡಕ್ಕೂ ಇಂಚಿಗೆ 14 ಸುತ್ತು, ಕೋನ ಮಾತ್ರ 55 ಮತ್ತು 60 ಡಿಗ್ರಿ. ಕೂತಂತೆ ಕಾಣುತ್ತದೆ, ಎಷ್ಟು ಟೆಫ್ಲಾನ್ ಸುತ್ತಿದರೂ ಜಿನುಗುತ್ತದೆ.

ಮರುಪ್ರಶ್ನೆ: ಗೋಧಿ ಬಿಯರ್ ಮಾಡುವಾಗ ಟನ್ ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ. ಗ್ರಾವಿಟಿಯಲ್ಲೂ ಹಾಗಾಗುತ್ತದಾ?

ಉತ್ತರ (ಬ್ರೂವರ್): ಆಗುತ್ತದೆ. ಉದ್ದನೆಯ ಪೈಪು ತುಂಬಿ ಇಳಿಯುವಾಗ ಕೆಳಗಿನಿಂದ ಹೀರುತ್ತದೆ, ಮಾಲ್ಟಿನ ಹಾಸು ಗಟ್ಟಿಯಾಗಿ ಅಮುಕಿಕೊಳ್ಳುತ್ತದೆ. ಗೋಧಿಗೆ ಸಿಪ್ಪೆಯಿಲ್ಲ, ಹಾಗಾಗಿ ಇನ್ನೂ ಬೇಗ. 5 ಕೆಜಿಗೆ 250 ಗ್ರಾಂ ಭತ್ತದ ಹೊಟ್ಟನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಬೆರೆಸಿ. ಮೊದಲ 3–4 ಲೀಟರ್ ತಿಳಿಯಾಗುವವರೆಗೆ ಚೊಂಬಿನಲ್ಲಿ ಹಿಡಿದು, ಒಂದು ತಟ್ಟೆಯ ಮೇಲೆ ಮೆಲ್ಲಗೆ ವಾಪಸ್ ಸುರಿಯಿರಿ. ಆಮೇಲೂ ನಲ್ಲಿ ಕಾಲು ಭಾಗ ಮಾತ್ರ ತೆರೆದಿರಲಿ, ನಿಮಿಷಕ್ಕೆ ಅರ್ಧ ಲೀಟರ್.

ಆದರೂ ಕಟ್ಟಿಕೊಂಡರೆ ನಿಮ್ಮ ಸ್ಟ್ಯಾಂಡೇ ಕಾಪಾಡುತ್ತದೆ. ಮೇಲಿನ ಪಾತ್ರೆಯ ಪೈಪನ್ನು ಟನ್‌ನ ನಲ್ಲಿಗೆ ತಿರುವಿ ಹಾಕಿ, 2 ಲೀಟರ್ ಬಿಸಿನೀರನ್ನು ಅಡಿಯಿಂದ ಬಿಡಿ. ಹಾಸು ಮೇಲೆದ್ದು ಸಡಿಲವಾಗುತ್ತದೆ. 10 ನಿಮಿಷ ಬಿಟ್ಟು ಮತ್ತೆ ಚೊಂಬಿನಿಂದ ಶುರುಮಾಡಿ, ಆ 2 ಲೀಟರನ್ನು ಸ್ಪಾರ್ಜ್ ಲೆಕ್ಕದಲ್ಲಿ ಕಳೆಯಿರಿ.

ಮರುಪ್ರಶ್ನೆ: ಮ್ಯಾಶ್‌ಗೆ ಬಿಡುವ ನೀರು ಎಷ್ಟು ಡಿಗ್ರಿ ಇರಬೇಕು? ಮತ್ತೆ, ನಮ್ಮ ಥರ್ಮಾಮೀಟರ್ ಕುದಿಯುವಾಗ 97 ತೋರಿಸುತ್ತಿದೆ, ಕೆಟ್ಟಿದೆಯಾ?

ಉತ್ತರ (ಬ್ರೂವರ್): ಕೆಟ್ಟಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸು. ಮಾಲ್ಟ್ 26 ಡಿಗ್ರಿ ಇದ್ದು, ಮ್ಯಾಶ್ 66ಕ್ಕೆ ನಿಲ್ಲಬೇಕಾದರೆ ಲೆಕ್ಕಕ್ಕೆ 71.5 ಬರುತ್ತದೆ. ಐಸ್ ಬಾಕ್ಸ್ ಒಂದೆರಡು ಡಿಗ್ರಿ ನುಂಗುವುದರಿಂದ 73ಕ್ಕೆ ಬಿಡಿ. ಸ್ಪಾರ್ಜ್ ನೀರು 78 ದಾಟಬಾರದು, ಬೋರ್‌ವೆಲ್ ನೀರಾದರೆ ಇನ್ನೂ ಎಚ್ಚರ: ಕ್ಷಾರ ಜಾಸ್ತಿಯಾಗಿ ಪಿಎಚ್ 6 ದಾಟಿದರೆ ಸಿಪ್ಪೆಯ ಒಗರು ಬಿಯರಿಗೆ ಇಳಿಯುತ್ತದೆ.