ಇದ್ದಿಲು ನುಣ್ಣಗೆ ಮಾಡಿದಷ್ಟೂ ಕರೆಂಟ್ ಬೇಗ ಇಳೀತಿದೆ (ಉಪ್ಪುನೀರಿನ ಅಲ್ಯುಮಿನಿಯಂ ಸೆಲ್)

ಕೋಡಿಬಾಗ_ಹುಡುಗ:
ಕಾರವಾರದಿಂದ. ಕೆಳಗೆ ಅಲ್ಯುಮಿನಿಯಂ ಫಾಯಿಲ್, ಅದರ ಮೇಲೆ ಉಪ್ಪುನೀರಲ್ಲಿ ನೆನೆಸಿದ ಟಿಶ್ಯೂ, ಮೇಲೆ ತೆಂಗಿನ ಕರಟದ ಇದ್ದಿಲ ಪುಡಿ. ರವೆ ಥರ ಕುಟ್ಟಿ ಹಾಕಿದ್ರೆ ಮೀಟರಲ್ಲಿ ವೋಲ್ಟೇಜ್ ಸರಿ, ಆದ್ರೆ ಆಟಿಕೆ ಮೋಟಾರ್ ತಿರುಗೂದಿಲ್ಲ. ಮಿಕ್ಸಿಗೆ ಹಾಕಿ ಬಟ್ಟೇಲಿ ಸೋಸಿದ ಪುಡಿಗೆ ಜೋರಾಗಿ ತಿರುಗಿ ಸ್ವಲ್ಪ ಹೊತ್ತಲ್ಲೇ ನಿಲ್ತದೆ. ಕಣ ಸಣ್ಣದಾದಷ್ಟೂ ಒಳ್ಳೇದು ಅಂತಾರಲ್ಲ? ನೀರು ಕಾಳಿ ಸೇತುವೆ ಹತ್ರದ್ದು.

ಅಂಕೋಲೆ_ಮಾಸ್ತರ:
ತಮಾ, ಮೊದಲು ಆ ನೀರು ಚೆಲ್ಲು. ಮಳೆಗಾಲದಲ್ಲಿ ಕಾಳಿ ಅಳಿವೆಯ ನೀರು ಸಪ್ಪೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರ್ತದೆ. ಸಾಣಿಕಟ್ಟೆ ಉಪ್ಪು ಹಾಕಿ ಅದಕ್ಕಿಂತ ಉಪ್ಪುಪ್ಪಾಗೇ ಕಲಸು.

ಅಸಲು ತೊಂದರೆ ಪುಡೀದು. ಈ ಸೆಲ್ಲಲ್ಲಿ ಖರ್ಚಾಗುವುದು ಅಲ್ಯುಮಿನಿಯಂ, ಇದ್ದಿಲಲ್ಲ. ಗಾಳಿಯ ಆಮ್ಲಜನಕ, ನೀರು, ಎಲೆಕ್ಟ್ರಾನ್ ಮೂರೂ ಕೂಡುವ ಜಾಗ ಇದ್ದಿಲು. ರವೆಯಲ್ಲಿ ಗಾಳಿಗೆ ದಾರಿಯುಂಟು, ಕಣಕ್ಕೆ ಕಣ ತಾಗುವುದು ಕಮ್ಮಿ, ಹಾಗಾಗಿ ಒಳರೋಧ (ಸೆಲ್ಲಿನೊಳಗೇ ಕರೆಂಟಿಗೆ ಆಗುವ ಅಡ್ಡಿ) ಹೆಚ್ಚು. ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ, ಅದಕ್ಕೆ ವೋಲ್ಟೇಜ್ ಚಂದ ಕಾಣ್ತದೆ. ನುಣ್ಣನೆ ಪುಡಿಗೆ ಹೊರಮೈ ಜಾಸ್ತಿ, ಶುರುವಿಗೆ ಜೋರು. ಆದರೆ ಕಿರಿದಾದ ಸಂದಿಗಳು ನೀರು ಹೀರಿ ಮುಚ್ಚಿಕೊಳ್ತವೆ. ಒಂದು ಲೀಟರ್ ಉಪ್ಪುನೀರಲ್ಲಿ 10 ಮಿಲಿಗ್ರಾಂ ಆಮ್ಲಜನಕ ಕೂಡ ಕರಗಿರುವುದಿಲ್ಲ. ಅದು ತೀರಿದ ಮೇಲೆ ಮೋಟಾರ್ ನಿಲ್ಲದೆ ಏನು ಮಾಡ್ತದೆ?

ಎರಡು ಪಾಲು ರವೆಗೆ ಒಂದು ಪಾಲು ನುಣ್ಣನೆಯದು ಸೇರಿಸಿ ತೆಳ್ಳಗೆ ಹರಡು. ಪುಡಿ ತೇವವಾದರೆ ಸಾಕು, ಕೆಸರಾಗಬಾರದು.

ಶಿರಸಿ_ಸರ್ಕ್ಯೂಟ್:
ಮಾಸ್ತರು ಹೇಳಿದ್ದು ಸರಿ. ಆಕಾರವನ್ನೂ ನೋಡಿ. ಗ್ರಾಫೈಟ್ ಪುಡಿ ಬೆರೆಸಿದ್ರೆ ಕರೆಂಟ್ ಚೆನ್ನಾಗಿ ಹರೀತದೆ, ಆದ್ರೆ ಅದು ಚಕ್ಕೆ ಚಕ್ಕೆ. ಒತ್ತಿದ್ರೆ ಹೆಂಚು ಹೊದಿಸಿದ ಹಾಗೆ ಮಲಗಿ ಗಾಳಿಗೆ ಅಡ್ಡ ಬರ್ತದೆ. ಲಿಥಿಯಂ ಸೆಲ್ಲಲ್ಲೂ ಇದೇ ಕಥೆ: ಅಲ್ಲಿ ಗ್ರಾಫೈಟನ್ನು ತಾಮ್ರದ ಹಾಳೆಗೆ ಬಳಿದಿರ್ತಾರೆ, ಚಕ್ಕೆ ಆ ಹಾಳೆಗೆ ಸಮಾನಾಂತರ ಮಲಗಿದ್ರೆ ಲಿಥಿಯಂ ಅಯಾನು ಸುತ್ತಿ ಸುತ್ತಿ ಹೋಗ್ಬೇಕು. ಅದಕ್ಕೇ ನೈಸರ್ಗಿಕ ಗ್ರಾಫೈಟನ್ನು ಉರುಟು ಮಾಡಿ ಬಳಸ್ತಾರೆ, ಹೆಚ್ಚಾಗಿ 10-20 ಮೈಕ್ರಾನ್. ಇನ್ನೂ ಸಣ್ಣ ಮಾಡಿದ್ರೆ ಹೊರಮೈ ಹೆಚ್ಚಿ, ಮೊದಲ ಚಾರ್ಜಲ್ಲೇ ಅದರ ಮೇಲೆ ಪೊರೆ ಕಟ್ಟೋದಕ್ಕೆ ಲಿಥಿಯಂ ದಂಡ.

'ಸಣ್ಣದಾದಷ್ಟೂ ಒಳ್ಳೇದು' ಅನ್ನೋ ಮಾತು ಲಿಥಿಯಂ ಐರನ್ ಫಾಸ್ಫೇಟಿಗೆ (ಕೆಲವು ಲಿಥಿಯಂ ಸೆಲ್ಲಿನ ಪ್ಲಸ್ ಬದಿಗೆ ಹಾಕೋ ಪುಡಿ) ಬಹಳ ಮಟ್ಟಿಗೆ ಸರಿ. ಅದರೊಳಗೆ ಲಿಥಿಯಂ ಒಂದೇ ದಿಕ್ಕಿನ ಓಣಿಗಳಲ್ಲಿ ಓಡಾಡ್ತದೆ. ಕಣದ ಅಳತೆ ಅರ್ಧವಾದ್ರೆ ದಾಟೋ ಹೊತ್ತು ಕಾಲುಭಾಗಕ್ಕಿಳೀತದೆ. ಆದ್ರೂ ಬರೀ ಸಣ್ಣದಾದ್ರೆ ಸಾಲ್ದು, ಮೇಲೆ ಕಾರ್ಬನ್ ಲೇಪ ಬೇಕು.

ಕೋಡಿಬಾಗ_ಹುಡುಗ:
ಉಪ್ಪುನೀರು ಬದಲಿಸಿ, ಬೆರಕೆ ಪುಡಿ ಹಾಕ್ದೆ. ಬೆರಳಲ್ಲಿ ಒತ್ತಿ ಹಿಡಿದ್ರೆ ತಿರುಗ್ತದೆ, ಬಿಟ್ರೆ ನಿಲ್ತದೆ!

ಅಂಕೋಲೆ_ಮಾಸ್ತರ:
ಹಾಗಾದರೆ ಈಗ ಉಳಿದದ್ದು ತಾಗುವಿಕೆಯ ಸಮಸ್ಯೆ ಮಾತ್ರ. ಹಳೇ ಚಹಾ ಸೋಸುಕದ ಸ್ಟೀಲ್ ಬಲೆ ಪುಡಿಯ ಮೇಲಿಟ್ಟು, ಪ್ಲಸ್ ವೈರನ್ನು ಅದಕ್ಕೇ ಕಟ್ಟು. ಅಂಚಿನಲ್ಲಿ ಮಾತ್ರ ಭಾರ ಹೇರು, ನಡುವೆ ಗಾಳಿಗೆ ತೆರೆದಿರಲಿ. ಬಲೆ ಫಾಯಿಲಿಗೆ ತಾಗಿದರೆ ಶಾರ್ಟ್, ಟಿಶ್ಯೂ ಎಲ್ಲ ಕಡೆ ಒಂದು ಬೆರಳು ಹೊರಗೆ ಚಾಚಿರಲಿ.