ಇಂಗ್ಲಿಷ್ ಮಾಧ್ಯಮದ ವಿಜ್ಞಾನ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು: ಸಲಹೆ ಬೇಕು

ಶಿಕ್ಷಕಿ, ಸಿದ್ದಾಪುರ ಕಡೆ:
ಕೊಡಗಿನ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದೇ ಬೆಂಚಿನಲ್ಲಿ ಯರವ ಬುಡಕಟ್ಟಿನ ಭಾಷೆಯ ಹುಡುಗಿ, ಮಲಯಾಳಂ ಮನೆಮಾತಿನವಳು, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗೆ ಅಸ್ಸಾಮಿನಿಂದ ಬಂದ ಹುಡುಗ. ಬೋರ್ಡಿನ ಮೇಲಿರುವುದನ್ನು ಅಂದವಾಗಿ ಬರೆದುಕೊಳ್ಳುತ್ತಾರೆ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ. ಆ ಹುಡುಗನನ್ನು ಕೆಳಗಿನ ತರಗತಿಯಲ್ಲಿ ಕೂರಿಸಿ ಎನ್ನುತ್ತಾರೆ ಸಹೋದ್ಯೋಗಿಗಳು. ಲೆಕ್ಕದಲ್ಲಿ ಅವನೇ ಎಲ್ಲರಿಗಿಂತ ಮುಂದೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ನಿವೃತ್ತ ಶಿಕ್ಷಕ, ಪೊನ್ನಂಪೇಟೆ:
ಕೂರಿಸಲೇಬೇಡಿ ಮೇಡಂ. ಶಾಲೆ ತಪ್ಪಿದ ಮಗುವನ್ನು ಕೂಡ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಇವನಿಗೆ ಇಲ್ಲದಿರುವುದು ಭಾಷೆ, ಬುದ್ಧಿಯಲ್ಲ.

ಮಿಶ್ರಣಗಳನ್ನು ಬೇರ್ಪಡಿಸುವ ಪಾಠವನ್ನೇ ನೋಡಿ. ಜರಡಿ ಹಿಡಿಯುವುದು, ತೂರುವುದು, ಕೈಯಿಂದ ಆರಿಸುವುದು, ಎಲ್ಲವೂ ಕಾಫಿ ಕಣದಲ್ಲಿ ಈ ಮಕ್ಕಳು ಕಂಡದ್ದೇ. ನೀರಿಗೆ ಹಾಕಿದರೆ ಜೊಳ್ಳು ಹಣ್ಣು ತೇಲುತ್ತದೆ ಎಂಬುದನ್ನು ಅವರು ನಮಗೇ ಹೇಳಿಕೊಡಬಲ್ಲರು. ಮೊರ, ಜರಡಿ, ಒಂದು ಬೊಗಸೆ ಕಾಫಿ ಬೀಜವನ್ನು ತರಗತಿಗೆ ತನ್ನಿ. ಮೊದಲು ಮಾಡಿ ತೋರಿಸಲಿ, ತಮ್ಮ ತಮ್ಮ ಭಾಷೆಯಲ್ಲಿ ಪಕ್ಕದವರ ಜೊತೆ ಮಾತನಾಡಲಿ. ಇಂಗ್ಲಿಷ್ ಪದವನ್ನು ಆಮೇಲೆ ಆ ಕೆಲಸಕ್ಕೇ ಅಂಟಿಸಿ. ಅರ್ಧ ವಾಕ್ಯವನ್ನು ಬೋರ್ಡಿನಲ್ಲಿ ಬರೆದುಕೊಟ್ಟರೆ ಉಳಿದರ್ಧವನ್ನು ಅವರೇ ತುಂಬುತ್ತಾರೆ.

ಅವಸರ ಬೇಡ. ವಲಸೆ ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದ ಕೆನಡಾದ ವಿದ್ವಾಂಸ ಜಿಮ್ ಕಮ್ಮಿನ್ಸ್ ಹೇಳುವಂತೆ, ಆಟದ ಬಯಲಿನ ಮಾತು ಸುಮಾರು ಎರಡು ವರ್ಷದಲ್ಲಿ ಬಂದರೂ ಪಾಠದ ಭಾಷೆ ಕೈಗೂಡಲು ಐದರಿಂದ ಏಳು ವರ್ಷ ಬೇಕು. ಅಲ್ಲಿಯವರೆಗಿನ ಮೌನವನ್ನು ದಡ್ಡತನವೆಂದು ಎಣಿಸುವುದು ದೊಡ್ಡ ಅನ್ಯಾಯ.

ಪೋಷಕಿ, ಸುಂಟಿಕೊಪ್ಪ:
ಮನೆಯಲ್ಲೂ ಇಂಗ್ಲಿಷೇ ಮಾತನಾಡಿ ಎಂದು ಮಗಳ ಶಾಲೆಯವರು ಹೇಳಿದ್ದರು. ಅವಳ ಅಜ್ಜಿಗೆ ಕೊಡವ ತಕ್ಕ್ ಬಿಟ್ಟರೆ ಬೇರೆ ಸಲೀಸಲ್ಲ. ಮಗು ಅಜ್ಜಿಯ ಹತ್ತಿರ ಮಾತೇ ಕಡಿಮೆ ಮಾಡಿತು. ದಯವಿಟ್ಟು ಪೋಷಕರಿಗೆ ಅಂಥ ಸಲಹೆ ಕೊಡಬೇಡಿ ಮೇಡಂ.

ಶಿಕ್ಷಕಿ, ಸಿದ್ದಾಪುರ ಕಡೆ:
ಖಂಡಿತ ಕೊಡುವುದಿಲ್ಲ. ಆದರೆ ಸರ್, ಪರೀಕ್ಷೆ ಇಂಗ್ಲಿಷಿನಲ್ಲೇ ಅಲ್ಲವೇ?

ನಿವೃತ್ತ ಶಿಕ್ಷಕ, ಪೊನ್ನಂಪೇಟೆ:
ಹೌದು. ಹಾಗಾಗಿ ನಿಮ್ಮ ಕೈಯಲ್ಲಿರುವ ಕಿರು ಪರೀಕ್ಷೆಗಳನ್ನು ಬದಲಿಸಿ. ಚಿತ್ರ ಬರೆದು ಭಾಗಗಳ ಹೆಸರನ್ನು ಗುರುತಿಸಿದರೂ ಅಂಕ ಕೊಡಿ. ವಿಜ್ಞಾನ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕಡಿಯಬೇಡಿ, ತಿದ್ದಿ ಮಾತ್ರ ಕೊಡಿ. ಆ ಹುಡುಗನಿಗೆ ಲೆಕ್ಕದ ಗುಂಪಿನ ನಾಯಕತ್ವವನ್ನು ನಾಳೆಯೇ ವಹಿಸಿ. ಉಳಿದ ಮಕ್ಕಳು ಅವನನ್ನು ಕೇಳಬೇಕಾಗುತ್ತದೆ, ಅವನು ಉತ್ತರಿಸಬೇಕಾಗುತ್ತದೆ.